ನೆಲದಿಂದ ಎದ್ದವನ ಬೆನ್ನು

ಮಾರ್ಚ್ ೪, ಸೋಮವಾರ, ಸಂಜೆ

ಹಾಲ್ ಮುಗಿಯಿತು. ನಾಳೆ ಮಲಗುವ ಕೋಣೆ. ಗೋಡೆ ಕಟ್ಟಿದ ಮಹಾನುಭಾವ ಯಾರೋ, ಒಂದು ಮೂಲೆಯೂ ಚಚ್ಚೌಕವಿಲ್ಲ. ಮನೆಯ ಯಜಮಾನರು ಬಂದು ನೋಡಿ ಟೈಲ್ಸ್ ಸೊಟ್ಟ ಅಂದರು. ಟೈಲ್ಸ್ ಅಲ್ಲ ಸ್ವಾಮಿ, ಗೋಡೆ ಸೊಟ್ಟ ಅಂದೆ. ನಕ್ಕರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ — ಆ ಗಾದೆ ಇರುವವರೆಗೆ ನೆಲ ಹಾಕುವವನ ಮಾತನ್ನು ಯಾರು ನಂಬುತ್ತಾರೆ?

ಬೆಳಗಿನಿಂದ ಸಂಜೆವರೆಗೆ ನೆಲ ಮೂಸುವ ಕೆಲಸ. ಊಟಕ್ಕೆ ಎದ್ದಾಗ ಮೌನಿ ಎಂದಿನಂತೆ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತ. ಮೌನಿ ಅಂದರೆ ನನ್ನ ಜೊತೆಗಾರ. ಬಾಯಿ ಮುಚ್ಚುವುದೇ ಇಲ್ಲವಲ್ಲ, ಅದಕ್ಕೆ ಆ ಹೆಸರು. ಚೌಕಟ್ಟಿಗೆ ನಿಲ್ಲುವುದು ನಮ್ಮ ಕಸುಬಿನ ಹಳಬರು ಹಾಕಿಕೊಟ್ಟ ಪದ್ಧತಿ. ನೆಲದಿಂದ ಎದ್ದವನು ಕೂಡಲೇ ಏನನ್ನೂ ಎತ್ತಬಾರದು. ಹಿಮ್ಮಡಿ, ಕುಂಡಿ, ಭುಜ, ತಲೆ — ಎಲ್ಲ ಚೌಕಟ್ಟಿಗೆ ತಾಗಬೇಕು. ಆಮೇಲೆ ಟೈಲ್ಸ್ ಡಬ್ಬಕ್ಕೆ ಕೈ. ಯಾಕೆ ಅಂತ ನಾನು ಕೇಳಿದವನಲ್ಲ. ಗುರು ಹೇಳಿದ, ಮಾಡಿದೆ.

ಮನೆಗೆ ಬಂದು ಅಕ್ಕನನ್ನು ಎತ್ತಿ ಕಮೋಡ್ ಕುರ್ಚಿಗೆ. ಅಲ್ಲಿಂದ ಕಿಟಕಿ ಪಕ್ಕದ ಕುರ್ಚಿಗೆ. ಲಕ್ವ ಹೊಡೆದು ಎಡಗಡೆ ಪೂರ್ತಿ ಹೋಗಿದೆ. ಮಾತು ಎಳೆದೆಳೆದು ಬರುತ್ತದೆ, ಬೈಗುಳ ಮಾತ್ರ ಸ್ಪಷ್ಟ. ಇವತ್ತಿನದು — ನೆಟ್ಟಗೆ ನಿಂತ್ಕೋ. ನೆಟ್ಟಗೇ ನಿಂತಿದ್ದೇನಲ್ಲ ಅಂದೆ. ಇಲ್ಲ ಅಂದಳು. ಅವಳಿಗೆ ನಾನಿನ್ನೂ ಚಡ್ಡಿ ಹಾಕಿದ ಹುಡುಗ. ಅಮ್ಮ ಹೋದ ಮೇಲೆ ಅವಳೇ ಸಾಕಿದ್ದು. ಅಂದುಕೊಳ್ಳಲಿ.

ಮಾರ್ಚ್ ೯, ಶನಿವಾರ

ಅಕ್ಕನ ಕೈಕಾಲು ಆಡಿಸಲು ಫಿಸಿಯೋ ಮೇಡಂ ಬಂದಿದ್ದರು. ನಾನು ಆಗಷ್ಟೇ ಕೆಲಸದಿಂದ ಬಂದು ನೀರು ಕುಡಿಯುತ್ತಿದ್ದೆ. ನೀವು ಯಾವಾಗಲೂ ಹೀಗೇ ನಿಲ್ಲುತ್ತೀರಾ ಅಂದರು. ಹೇಗೆ? ಮುಂದಕ್ಕೆ, ಸ್ವಲ್ಪ ಎಡಕ್ಕೆ ವಾಲಿಕೊಂಡು. ಅಕ್ಕ ಮಂಚದಿಂದಲೇ ನಕ್ಕಳು, ಕೇಸು ಗೆದ್ದವಳ ಹಾಗೆ.

ಕಣ್ಣು ಮುಚ್ಚಿಸಿದರು. ಬಗ್ಗಿಸಿ ಅರ್ಧದಲ್ಲಿ ತಡೆದು, ಭುಜ ಇದ್ದ ಕಡೆ ಗೋಡೆಗೆ ಪೆನ್ಸಿಲಿನಲ್ಲಿ ಗುರುತು ಹಾಕಿದರು. ಈ ಜಾಗ ನೆನಪಿರಲಿ, ನೇರ ನಿಲ್ಲಿ, ಮತ್ತೆ ಅಲ್ಲಿಗೇ ಬನ್ನಿ. ಬಂದೆ. ಕರಾರುವಾಕ್ಕು ಅನ್ನಿಸಿತು. ಕಣ್ಣು ಬಿಟ್ಟರೆ ಗುರುತು ಎಲ್ಲೋ, ನನ್ನ ಭುಜ ಎಲ್ಲೋ. ಒಂದು ಗೇಣು ಕೆಳಗೆ! ಇನ್ನೊಮ್ಮೆ ಅಂದೆ. ಇನ್ನೂ ಕೆಳಗೆ.

ಅವರು ಹೇಳಿದ್ದು, ನನಗೆ ತಿಳಿದಷ್ಟು — ಬೆನ್ನು ಎಲ್ಲಿದೆ ಅಂತ ತಲೆಗೆ ಸುದ್ದಿ ಮುಟ್ಟಿಸುವುದು ಬೆನ್ನಿನ ಸ್ನಾಯುಗಳೇ. ಗಂಟೆಗಟ್ಟಲೆ ಬಗ್ಗಿದರೆ ಅವು ಹಳೇ ಎಲಾಸ್ಟಿಕ್ಕಿನ ಹಾಗೆ ಸಡಿಲ ಬೀಳುತ್ತವೆ. ಸುದ್ದಿ ತಡವಾಗಿ ಮುಟ್ಟುತ್ತದೆ, ಇಲ್ಲವೇ ತಪ್ಪು ಮುಟ್ಟುತ್ತದೆ. ಬಗ್ಗಿದ್ದರೂ ನೇರ ಇದ್ದ ಹಾಗೆ ಅನ್ನಿಸುತ್ತದೆ. ರಾತ್ರಿ ಮಲಗಿ ಎದ್ದರೆ ಬಹುಪಾಲು ಸರಿಹೋಗುತ್ತದೆ. ಆದರೆ ಕೆಲಸದಿಂದ ಬಂದ ಕೂಡಲೇ ಅಕ್ಕನನ್ನು ಎತ್ತಬೇಡಿ, ಒಂದು ಗಂಟೆ ತಡೆಯಿರಿ.

ತಡೆಯುತ್ತೇನೆ ತಾಯಿ. ಅಕ್ಕನ ಮೂತ್ರಕ್ಕೆ ಯಾರು ಹೇಳುತ್ತಾರೆ?

ಮಾರ್ಚ್ ೨೧

ಪುಟ್ಟಿ ಫೋನ್ ಮಾಡಿದ್ದಳು. ಅಕ್ಕನ ಮಗಳು. ಹೆಸರಿಗೆ ಪುಟ್ಟಿ, ನಲವತ್ತು ದಾಟಿದ ಹೆಡ್‌ಮಿಸ್ಟ್ರೆಸ್. ಫೋನಿನಲ್ಲೂ ಸಾಲಾಗಿ ನಿಲ್ಲಿಸಿ ಮಾತಾಡುತ್ತಾಳೆ. ಅವಳ ಊರಿನಲ್ಲಿ ಒಳ್ಳೆಯ ಆರೈಕೆ ಕೇಂದ್ರ ಇದೆಯಂತೆ, ಅಮ್ಮನನ್ನು ಅಲ್ಲಿಗೆ ಸೇರಿಸೋಣ ಅಂದಳು. ಅಕ್ಕ ಫೋನ್ ಕಿತ್ತುಕೊಂಡು, ಸತ್ತ ಮೇಲೆ ಎಲ್ಲಿಗೆ ಬೇಕಾದರೂ ಹೊತ್ತುಕೊಂಡು ಹೋಗಿ ಅಂದಳು. ಕೊನೆಗೆ ಪುಟ್ಟಿ, ಮಾವನ ಕೈಲಿ ಆಗುವವರೆಗೆ ಇರಲಿ ಎಂದು ಬಿಟ್ಟಳು. ಮಾವನ ಕೈಲಿ ಆಗುತ್ತದೆ. ಯಾಕೆ ಆಗುವುದಿಲ್ಲ?

ಅಕ್ಕ ಇಲ್ಲದ ಮನೆಗೆ ಸಂಜೆ ಬಂದು ನಾನೇನು ಮಾಡಲಿ? ಅದನ್ನು ಫೋನಿನಲ್ಲಿ ಹೇಳಲಿಲ್ಲ.

ಏಪ್ರಿಲ್ ೪, ಆಸ್ಪತ್ರೆಯ ವರಾಂಡ

ಬರೆಯಬೇಕು. ಇಲ್ಲದಿದ್ದರೆ ತಲೆ ಸಿಡಿಯುತ್ತದೆ.

ಮೊನ್ನೆ ಅಡುಗೆಮನೆಯ ನೆಲ ಮುಗಿಸಲೇಬೇಕಿತ್ತು. ಮಧ್ಯಾಹ್ನದ ಮೇಲೆ ಎದ್ದಿದ್ದೇ ಇಲ್ಲ. ಗೂಡ್ಸ್ ಆಟೋದ ಹಿಂದೆ ಸಿಮೆಂಟ್ ಚೀಲದ ಜೊತೆ ಮುದುಡಿಕೊಂಡು ಮನೆಗೆ ಬಂದೆ. ಅಕ್ಕ ಹಲ್ಲು ಕಚ್ಚಿಕೊಂಡು ಕಾದಿದ್ದಳು. ಬೇಗ ಅಂದಳು. ಚೌಕಟ್ಟೂ ಇಲ್ಲ, ಗಂಟೆಯೂ ಇಲ್ಲ. ಕಂಕುಳಿಗೆ ಕೈಕೊಟ್ಟು ಎತ್ತಿದೆ. ನೇರ ನಿಂತೆ. ದೇವರಾಣೆಗೂ ನೇರ ನಿಂತೆ ಅಂತಲೇ ಅನ್ನಿಸಿತು. ಕಮೋಡಿನ ಕಡೆ ತಿರುಗಿದೆ. ಅವಳ ಭಾರವೆಲ್ಲ ಎಡಕ್ಕೆ ಹೋಯಿತು — ನಾನು ಇದ್ದೇನೆ ಅಂದುಕೊಂಡ ಜಾಗದಲ್ಲಿ ನಾನಿರಲಿಲ್ಲ. ಇಬ್ಬರೂ ಬಿದ್ದೆವು. ನಾನು ಅವಳ ಮೇಲೆ. ನಾನೇ ಹಾಕಿದ ನೆಲದ ಮೇಲೆ.

ಸೊಂಟದ ಮೂಳೆ ಮುರಿದಿದೆ. ಇವತ್ತು ಆಪರೇಷನ್ ಆಯಿತು.

ಪುಟ್ಟಿ ಬಂದಳು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಅಂದಳು, "ನಾನೇ ಎದ್ದೆ. ಇವನಿನ್ನೂ ಬಂದಿರಲಿಲ್ಲ." ಇಲ್ಲ, ನಾನೇ ಬೀಳಿಸಿದ್ದು ಅಂದೆ. ಬೆನ್ನಿನ ಕಥೆಯೆಲ್ಲ ಹೇಳಿದೆ. ಪುಟ್ಟಿ ಇಬ್ಬರ ಮುಖವನ್ನೂ ನೋಡಿದಳು, ಕಾಪಿ ಹೊಡೆದು ಸಿಕ್ಕಿಬಿದ್ದ ಮಕ್ಕಳನ್ನು ನೋಡುವ ಹಾಗೆ.

"ತಾನು ನೆಟ್ಟಗಿದೀನೋ ಬಗ್ಗಿದೀನೋ ಅಂತ ಯಾರಿಗಾದ್ರೂ ಗೊತ್ತಾಗದೇ ಇರತ್ತಾ ಮಾವ? ಅವಳ ಹಟ ಮುಚ್ಚೋಕೆ ಇನ್ನೇನಾದ್ರೂ ಹೇಳು."

ಏಪ್ರಿಲ್ ೨೦

ಅಕ್ಕನನ್ನು ಆಸ್ಪತ್ರೆಯಿಂದ ಸೀದಾ ಆರೈಕೆ ಕೇಂದ್ರಕ್ಕೆ ಕರೆದೊಯ್ದರು. ಮನೆಗೆ ಕಾಲಿಡಲಿಲ್ಲ. ನಾನು ಅವಳ ಸೀರೆ, ಬಾಚಣಿಗೆ, ಕನ್ನಡಕ ತುಂಬಿದ ಚೀಲ ಹಿಡಿದು ಹಿಂದೆ ಹೋದೆ.

ಕೇಂದ್ರ ಚೊಕ್ಕಟವಾಗಿದೆ. ನೆಲವೂ ಚೆನ್ನಾಗಿ ಕೂತಿದೆ, ಬೈಯುವುದಕ್ಕೆ ಏನೂ ಇಲ್ಲ. ಆದರೆ ಅಕ್ಕನ ಹೊಟ್ಟೆಯ ಮೇಲೆ ಒಂದು ಅಗಲವಾದ ಬಟ್ಟೆಯ ಬೆಲ್ಟು. ಎರಡೂ ಕಡೆ ಮಂಚಕ್ಕೆ ಬಿಗಿದಿದ್ದಾರೆ. ಹಗಲೂ ರಾತ್ರಿ. ತಾನಾಗಿ ಎದ್ದು ಬೀಳುವ ಪೇಷಂಟು ಅಂತ ಅವರಿಗೆ ತಿಳಿಸಿದ್ದಾರಲ್ಲ, ಅದಕ್ಕೆ. ಬಲಗೈಯಿಂದ ಬೆಲ್ಟಿನ ಅಂಚನ್ನು ಸವರುತ್ತಾ ಮಲಗಿದ್ದಾಳೆ. ಎತ್ತಿದ ಹೊರತು ಎದ್ದವಳೇ ಅಲ್ಲ ನನ್ನ ಅಕ್ಕ! ದೊಡ್ಡ ನರ್ಸಿಗೆ ಹೇಳಿದೆ. ಮನೆಯವರು ಹೀಗೇ ಹೇಳುತ್ತಾರೆ ಎಂದು ಮುಂದಿನ ಮಂಚಕ್ಕೆ ಹೋದರು.

ಹೊರಗೆ ಪುಟ್ಟಿಯ ಹತ್ತಿರ ಜಗಳವಾಡಿದೆ. ಅವಳೂ ಅತ್ತಳು. ಮೂಳೆ ಕೂಡಿಕೊಂಡ ಮೇಲೆ, ಏಳುವ ಹಟ ಬಿಟ್ಟರೆ, ಮನೆಗೆ ಕಳಿಸೋಣ ಅಂದಳು. ಒಳಗೆ ಬಂದು ಅಕ್ಕನ ಎದುರಿಗೂ ಅದನ್ನೇ ಅಂದಳು. ಅಕ್ಕ ಕೇಳಿಸಿಕೊಂಡು ಕಣ್ಣು ಮುಚ್ಚಿದಳು.

ಮೇ ೧೨, ಭಾನುವಾರ

ಇವತ್ತಿನ ನಗೆಪಾಟಲು ಬರೆದಿಡುತ್ತೇನೆ.

ನಾನು ಬೀಳಿಸಿದ್ದು ಅಂತ ಸಾಬೀತಾದರೆ ಬೆಲ್ಟು ಬಿಚ್ಚುತ್ತಾರೆ — ಅಷ್ಟೇ ನನ್ನ ತಲೆಯಲ್ಲಿ. ಫಿಸಿಯೋ ಮೇಡಮ್ಮನ ಕೈಕಾಲು ಹಿಡಿದು ಕೇಂದ್ರಕ್ಕೆ ಕರೆದೊಯ್ದೆ. ಪುಟ್ಟಿಯ ಎದುರು, ದೊಡ್ಡ ನರ್ಸಿನ ಎದುರು ಕಣ್ಣು ಮುಚ್ಚಿ ನಿಂತೆ. ಬಗ್ಗಿದೆ, ಎದ್ದೆ, ಮತ್ತೆ ಬಗ್ಗಿದೆ. ಕಣ್ಣು ಬಿಟ್ಟೆ. ಭುಜ ಸರಿಯಾಗಿ ಗುರುತಿಗೇ ತಾಗಿತ್ತು. ಮೂರು ಸಲವೂ!

ಆಪರೇಷನ್ ಆದಾಗಿನಿಂದ ನಾನು ಕೆಲಸಕ್ಕೇ ಹೋಗಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ, ಮನೆಯಲ್ಲಿ, ಬಿದ್ದುಕೊಂಡೇ ಇದ್ದೆ. ಬೆನ್ನು ಚೇತರಿಸಿಕೊಂಡಿದೆ, ದರಿದ್ರದ್ದು. ವಿಶ್ರಾಂತಿ ಸಿಕ್ಕಿದೆ, ಅದಕ್ಕೇ ಹೀಗೆ ಅಂತ ಮೇಡಂ ಎಷ್ಟು ಬಿಡಿಸಿ ಹೇಳಿದರೂ ಪುಟ್ಟಿಗೆ ಅದು ದಾಕ್ಷಿಣ್ಯದ ಮಾತಾಗಿ ಕೇಳಿಸಿತು. ಸಾಕು ಮಾವ ಅಂದಳು, ಮೆಲ್ಲಗೆ. ಬೈದಿದ್ದರೆ ಚೆನ್ನಾಗಿತ್ತು.

ಹೊರಡುವಾಗ ಅಕ್ಕ ನನ್ನ ತೋಳು ಹಿಡಿದು, ಬಿಟ್ಟುಬಿಡೋ ಅಂದಳು. ಬೆಲ್ಟಿನ ನೋವಿಗೆ ಸೋತು ಹೀಗನ್ನುತ್ತಿದ್ದಾಳೆ ಅಂದುಕೊಂಡೆ.

ಮೇ ೨೫, ಶನಿವಾರ, ಸಂಜೆ

ಬಿಚ್ಚಿದರು!

ಈ ವಾರ ಮೌನಿಯ ಜೊತೆ ಮತ್ತೆ ಕೆಲಸಕ್ಕೆ ಹೋದೆ. ಇವತ್ತು ಬೆಳಗಿನಿಂದ ಬಗ್ಗಿದವನು ಊಟಕ್ಕೂ ನೆಟ್ಟಗಾಗಲಿಲ್ಲ. ನಿನಗೆ ಹುಚ್ಚು ಹಿಡಿದಿದೆ ಎಂದು ಮೌನಿ ಒಂದೇ ಸಮ ಬೈದ. ಆಮೇಲೆ ಅವನೇ ಗಾಡಿಯಲ್ಲಿ ಕೂರಿಸಿಕೊಂಡು ಕೇಂದ್ರಕ್ಕೆ ತಂದು ಇಳಿಸಿದ. ಪುಟ್ಟಿಗೆ ಮೊದಲೇ ಹೇಳಿದ್ದೆ, ಇನ್ನೊಂದೇ ಸಲ ನೋಡು ಅಂತ.

ಕಣ್ಣು ಮುಚ್ಚಿ ನಿಂತೆ. ಈಗ ನೇರ ಇದ್ದೇನೆ ಅಂದೆ. ಪುಟ್ಟಿ ಫೋನಿನಲ್ಲಿ ಫೋಟೋ ತೆಗೆದು ತೋರಿಸಿದಳು. ಮುದುಕನೊಬ್ಬ ಕೆಳಗೆ ಬಿದ್ದದ್ದೇನೋ ಹುಡುಕುವವನ ಹಾಗೆ, ಎಡಕ್ಕೆ ವಾಲಿ, ಮುಂದಕ್ಕೆ ಬಾಗಿ ನಿಂತಿದ್ದಾನೆ. ಮುಖದಲ್ಲಿ ಮಾತ್ರ ನೇರ ನಿಂತವನ ಗತ್ತು.

ಪುಟ್ಟಿ ಅತ್ತಳು. ನಿನ್ನನ್ನ ನಂಬಲಿಲ್ಲ ಮಾವ ಅಂದಳು. ದೊಡ್ಡ ನರ್ಸು ತಾವೇ ಬಂದು ಬೆಲ್ಟು ಬಿಚ್ಚಿ ಸುತ್ತಿಟ್ಟರು.

ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಸುಸ್ತಾಗಿರಬೇಕು.

ಮೇ ೨೬

ಸುಸ್ತಲ್ಲ.

ಇವತ್ತು ಪುಟ್ಟಿ ನಿಧಾನವಾಗಿ ಕೂರಿಸಿಕೊಂಡು ಹೇಳಿದಳು. ಹೀಗಿರುವಾಗ ಅಮ್ಮನನ್ನು ಮನೆಗೆ ಕಳಿಸುವ ಮಾತೇ ಇಲ್ಲ ಮಾವ, ನಿನ್ನ ಮೇಲೆ ಕೋಪದಿಂದ ಅಲ್ಲ. ಕೆಲಸ ಬಿಡುತ್ತೇನೆ ಅಂದೆ. ಬಿಟ್ಟು ಏನು ತಿನ್ನುತ್ತೀರಿ ಇಬ್ಬರೂ ಅಂದಳು.

ಅವಳು ಹೋದ ಮೇಲೆ ಅಕ್ಕ ಈ ಕಡೆ ತಿರುಗಿದಳು. ಒಂದೊಂದೇ ಮಾತು, ನಡುನಡುವೆ ಉಸಿರು.

"ಮೂಳೆ ಕೂಡೋವರೆಗೆ ಕಟ್ಟಿಸ್ಕೊಂಡು ಬಿದ್ದಿದ್ರೆ ಮುಗೀತಿತ್ತು. ಇನ್ನು ಏಳಲ್ಲಮ್ಮ, ತಪ್ಪಾಯ್ತು ಅಂತ ಅವಳಿಗೆ ಹೇಳಿ ಮನೆಗೆ ಬರ್ತಿದ್ದೆ. ಎತ್ತೋಕೆ ನೀನಿದೀಯ ಅನ್ನೋದೊಂದೇ ದಾರಿ ಇಟ್ಕೊಂಡಿದ್ದೆ. ಅದನ್ನೂ ಮುಚ್ಚಿಬಿಟ್ಯಲ್ಲೋ."

ಮೊದಲೇ ಯಾಕೆ ಹೇಳಲಿಲ್ಲ ಅಂದೆ. ಯಾವಾಗ ಹೇಳಲಿ, ನರ್ಸು ಪಕ್ಕದಲ್ಲೇ ಇರ್ತಿದ್ಲು, ಬಿಟ್ಟುಬಿಡು ಅಂದೆನಲ್ಲ ಅಂದಳು.

ಅಂದಿದ್ದಳು. ಕೇಳಿಸಿಕೊಂಡಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಜೂನ್ ೨, ಭಾನುವಾರ

ಇಡೀ ವಾರ ಕೆಲಸಕ್ಕೆ ಹೋಗಲಿಲ್ಲ. ಮೌನಿಗೆ ಸುತ್ತಿಗೆ, ಮಟ್ಟ ನೋಡುವ ರಸಮಟ್ಟ ಎಲ್ಲ ಕೊಟ್ಟುಬಿಟ್ಟೆ. ಗೋದಾಮಿನಲ್ಲಿ ಕಾವಲು ಕೆಲಸ ಕೇಳಿದ್ದೇನೆ, ಕುರ್ಚಿಯ ಮೇಲೆ ಕೂರುವ ಕೆಲಸ. ಪುಟ್ಟಿಗೆ ಫೋನ್ ಮಾಡಿ ಗೋಗರೆದೆ. ಅವಳೂ ಸೋತಿದ್ದಾಳೆ. ಸರಿ, ದೊಡ್ಡ ನರ್ಸಿನ ಎದುರು ಅಮ್ಮನನ್ನು ಮಂಚದಿಂದ ಕುರ್ಚಿಗೆ ಕೂರಿಸಿ ತೋರಿಸು, ಅವರು ಒಪ್ಪಿದರೆ ಯೋಚಿಸೋಣ ಅಂದಳು.

ಬೆಳಗ್ಗೆ ಹೋದೆ. ಚೆನ್ನಾಗಿ ನಿದ್ದೆ ಮಾಡಿದ್ದೆ. ಫಿಸಿಯೋ ಮೇಡಂ ಈ ಸಲವೂ ಬಂದಿದ್ದರು, ಮೊದಲು ಗೋಡೆಯ ಪರೀಕ್ಷೆ ಮಾಡಿದರು, ಕೂದಲೆಳೆಯಷ್ಟೂ ತಪ್ಪಲಿಲ್ಲ. ಪುಟ್ಟಿಯ ಮುಖ ಸ್ವಲ್ಪ ಅರಳಿತು. ಅಕ್ಕ ಯಾರ ಕೈಲೋ ತಲೆ ಬಾಚಿಸಿಕೊಂಡು ಕೂತಿದ್ದಳು. ನನ್ನನ್ನು ನೋಡಿ ಹುಬ್ಬು ಹಾರಿಸಿದಳು, ಬಾ ಅಂತ.

ಬಗ್ಗಿದೆ. ಕಂಕುಳಿಗೆ ಕೈಕೊಟ್ಟೆ. ಅವಳು ಬಲಗೈ ತಂದು ನನ್ನ ಕುತ್ತಿಗೆಗೆ ಹಾಕಿದಳು. ಈಗ ಎತ್ತಬೇಕು. ನೇರ ಇದ್ದೇನೆ ಅಂತ ಬೆನ್ನು ಹೇಳಿತು. ಅವತ್ತೂ ಇದೇ ಹೇಳಿತ್ತು, ಇದೇ ದನಿಯಲ್ಲಿ. ಯಾವುದು ನಿಜ? ಪರೀಕ್ಷೆ ನೆನಪು ಮಾಡಿಕೊಂಡೆ. ನಿದ್ದೆ ನೆನಪು ಮಾಡಿಕೊಂಡೆ. ಎತ್ತದೆ ಹಾಗೇ ಬಗ್ಗಿಕೊಂಡೇ ಇದ್ದೆ. ಎತ್ತೋ ಅಂದಳು ಕಿವಿಯಲ್ಲಿ. ಎತ್ತೋ, ಏನಾಗಲ್ಲ.

ನಾನು ನರ್ಸನ್ನು ಕರೆದೆ.

ಜೂನ್ ೯, ಭಾನುವಾರ, ಬೆಳಗ್ಗೆ

ಸ್ನಾನವಾಯಿತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೆ. ಭೇಟಿಯ ಹೊತ್ತು ಶುರುವಾಗಿದೆ. ಪುಟ್ಟಿ ಫೋನ್ ಮಾಡಿದ್ದಳು, ಅಮ್ಮ ಬೆಳಗಿನಿಂದ ಬಾಗಿಲನ್ನೇ ನೋಡುತ್ತಿದ್ದಾಳೆ, ಎಷ್ಟು ಹೊತ್ತಿಗೆ ಬರ್ತೀಯ ಅಂತ. ಹೊರಟೆ ಅಂದೆ.

ಹೋಗಿ ಏನು ಹೇಳಲಿ? ಬಸ್ಸಿನಲ್ಲಿ ಯೋಚಿಸಿದರೆ ಆಗುವುದಿಲ್ಲ, ಇಲ್ಲೇ ಬರೆದುಕೊಂಡು ಹೋಗುತ್ತೇನೆ. ಅಕ್ಕ, ಅವತ್ತು ನಿನ್ನ ಕೈ ನನ್ನ ಕುತ್ತಿಗೆಯ ಮೇಲಿತ್ತು, ನನಗೆ ಎತ್ತಲು ಆಗುತ್ತಿತ್ತು, ಆದರೆ ನಾನು —