ವರ್ನನ್ ಹಾಕಿದ ಗೇರ್‌ಬಾಕ್ಸ್

ಆಗಸ್ಟ್ ೧೭, ಭಾನುವಾರ. ಇಂಡಿಯಾನಾ.

ಎರಡು ಸಲ ಸ್ನಾನ ಮಾಡಿದರೂ ಸುಟ್ಟ ಗೇರ್ ಎಣ್ಣೆಯ ನಾತ ಕೂದಲಿನಿಂದ ಹೋಗಿಲ್ಲ. ತಮ್ಮ ವರ್ನನ್‌ನ ಮುಖ ನೆನೆದರೆ ಅದಕ್ಕಿಂತ ಹೇಸಿಗೆ.

ಎರಡು ಸಾವಿರ ಕುದುರೆಶಕ್ತಿಯ ಡೀಸೆಲ್ ಟ್ರಕ್ಕಿಗೆ ಹಳೆಯ ಗೇರ್‌ಬಾಕ್ಸ್ ತಡೆಯುವುದಿಲ್ಲ, ರೇಸಿಗೆಂದೇ ಮಾಡಿದ ದಪ್ಪ ಕವಚದ್ದೇ ಬೇಕು ಅಂತ ಮಾರ್ಚ್‌ನಲ್ಲೇ ಇಬ್ಬರೂ ಒಪ್ಪಿದ್ದೆವು. ಟ್ರಕ್ಕು ಕಟ್ಟುವವನು ವರ್ನನ್, ರೇಸಿನಲ್ಲಿ ಓಡಿಸುವವಳು ನಾನು. "ಹಾಕಾಯ್ತು ಕಣೇ" ಅಂದಿದ್ದ.

ಇವತ್ತು ರೇಸು ಶುರುವಾಗುವ ಹಸಿರು ದೀಪ ಹತ್ತಿ ನೂರಡಿ ಹೋಗಿರಲಿಲ್ಲ, ಕಾಲಡಿ ಬಾಂಬು ಸಿಡಿದಂತಾಯಿತು. ಅಂಗೈಯಗಲದ ಲೋಹದ ಚೂರೊಂದು ಟ್ರಕ್ಕಿನ ತಳ ಸೀಳಿ, ನನ್ನ ಮೀನಖಂಡ ಸವರಿ ಸೀಟಿಗೆ ನಾಟಿತು. ಚೂರಿನ ಮೇಲೆ ಹೊಸ ಬಣ್ಣ, ಬಣ್ಣದಡಿ ಹಳೆಯ ಗೇರ್‌ಬಾಕ್ಸಿನ ನಂಬರು.

"ಹೊಸದು ನೂರು ಪೌಂಡ್ ಜಾಸ್ತಿ ಭಾರ ಕಣೇ ಟ್ವೈಲಾ. ಗೆಲ್ಬೇಕು ಗೆಲ್ಬೇಕು ಅಂತ ಬಡ್ಕೊಂಡಿದ್ದು ನೀನೇ ತಾನೆ?"

"ನನ್ನ ಕಾಲು ಹೋಗ್ತಿತ್ತಲ್ಲೋ!"

"ಹೋಗಿಲ್ವಲ್ಲ" ಅಂದು ಕೈಯಲ್ಲಿದ್ದ ಹಾಟ್‌ಡಾಗ್ ಕಚ್ಚಿದ.

ಥೂ. ಆದರೆ ನನಗೂ ಉಗಿಯಬೇಕು. ಗೇರು ಬದಲಾದಾಗಲೆಲ್ಲ ಅದೇ ಹಳೆಯ ಜಗ್ಗು ಬೆನ್ನಿಗೆ ಗೊತ್ತಾಗುತ್ತಿತ್ತು. ಸಾಲಾಗಿ ನಾಲ್ಕು ರೇಸು ಗೆದ್ದೆವು, ನಾನು ಬಗ್ಗಿ ನೋಡಲಿಲ್ಲ.

ನನ್ನ ಹೆಲ್ಮೆಟ್ಟನ್ನು ಅವನ ಎದೆಗೆ ಒತ್ತಿದೆ. "ಯಾವ್ದು ಬೇಕಾದ್ರೂ ಹಾಕ್ಕೋ. ಇನ್ಮೇಲೆ ಓಡಿಸೋನು ನೀನೇ."

ಅವನು ಅಗಿಯೋದು ನಿಂತಿತು. ಅರ್ಧ ಗಂಟೆಯಲ್ಲಿ ಟ್ರಕ್ಕು ಸಾಗಿಸುವ ಟ್ರೇಲರ್ ಹಿಂದೆ ನಿಂತು, ದಪ್ಪ ಕವಚದ ಗೇರ್‌ಬಾಕ್ಸ್ ಎಷ್ಟು ಬೇಗ ಬರುತ್ತೆ ಅಂತ ಫೋನಿನಲ್ಲಿ ವಿಚಾರಿಸುತ್ತಿದ್ದ.