ಬಿಡು ಅಂದರೆ ಇಳಿಸು

ಆಗಸ್ಟ್ 18, ಸೋಮವಾರ

ಕೆಂಗೇರಿಯಿಂದ ಮೊದಲ ಮೆಟ್ರೋ. ಆರಕ್ಕೆ ವಿಜಯನಗರದ ರಿಂಕ್. ಸ್ಕೇಟ್ಸ್ ಚಕ್ರ ಒರೆಸಿ ಲೇಸ್ ಬಿಗಿದೆ. ಹೊಸ ಪಾರ್ಟ್ನರ್ ಮೋಹನ್ ಕುಮಾರ್ ಜೊತೆ ಹನ್ನೊಂದನೇ ದಿನ.

ಗಿರಿ ಅಣ್ಣ ಡೆಂಗ್ಯೂನಲ್ಲಿ ಹೋಗಿ ಐದು ತಿಂಗಳು. ಜೋಡಿ ಸ್ಕೇಟಿಂಗ್‌ನಲ್ಲಿ ಒಂಬತ್ತು ವರ್ಷ ನನ್ನನ್ನು ಅವನೇ ಎತ್ತಿದ್ದು. ಬೇರೆ ಕೈ ಸೊಂಟಕ್ಕೆ ತಾಗಿದರೆ ಮೈ ಸೆಟೆಯುತ್ತದೆ.

ಕೋಚ್ ವಿಶ್ವಾರಾಧ್ಯ ಸರ್ ಹೇಳಿದರು, "ನವೆಂಬರ್ ಸ್ಟೇಟ್ ಮೀಟ್‌ಗೆ ಪೇರ್ ಎಂಟ್ರಿ ಕೊಡ್ಬೇಕಂದ್ರೆ ಲಿಫ್ಟ್ ಕೂರ್ಬೇಕಮ್ಮ. ಇಲ್ಲಾಂದ್ರೆ ಸೋಲೋ ಮಾಡು."

ಸೋಲೋ ಬರುವುದಿಲ್ಲ. ಪೇರ್ ಬಿಟ್ಟರೆ ಸ್ಕೇಟಿಂಗೇ ಬಿಟ್ಟ ಹಾಗೆ.

ಹತ್ತಕ್ಕೆ ಬಾಪೂಜಿ ನಗರ, ಕ್ಲಿನಿಕ್ ಡ್ಯೂಟಿ.

ಆಗಸ್ಟ್ 30

ನನ್ನನ್ನು ಮೇಲೆತ್ತಿ ತಿರುಗುವ ಲಿಫ್ಟ್ ಎರಡು ಸುತ್ತು ಬಂತು. ಇಳಿಸುವ ಹೊತ್ತಿಗೆ ನಾನು "ಬಿಡು" ಎನ್ನಬೇಕು. ಅಣ್ಣನ ಜೊತೆ ಇದ್ದ ಮಾತೇ. ಮೋಹನ್‌ಗೂ ಅದನ್ನೇ ಹೇಳಿಕೊಟ್ಟೆ.

ಇವನು ಮಾತುಗಾರ. ಎತ್ತಿಕೊಂಡೇ ಕೇಳುತ್ತಾನೆ — "ನೋವಾಗ್ತಿದ್ಯಾ? ಗ್ರಿಪ್ ಬದಲಾಯಿಸ್ಲಾ? ಗೋಡೆ ಎತ್ಕೊಂಡಂಗಿದೆ ಕಣೇ, ಏನಾದ್ರೂ ಮಾತಾಡು."

"ಸುಮ್ನೆ ಎತ್ತೋ," ಎಂದೆ.

ಸೆಪ್ಟೆಂಬರ್ 3

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲ ಮಣಿಕಟ್ಟಿಗೆ ಪ್ಲಾಸ್ಟರ್.

ಮೂರನೇ ಸುತ್ತು. ಮೇಲಿದ್ದೆ. "ಬೆರಳು ಒತ್ತುತಾ ಇದ್ಯಾ?" ಎಂದು ಕೇಳಿದ.

"ಪರವಾಗಿಲ್ಲ ಬಿಡು," ಎಂದೆ.

ಬಿಟ್ಟ.

ಅಣ್ಣ ಎತ್ತಿದಾಗ ಏನೂ ಕೇಳುತ್ತಿರಲಿಲ್ಲ. ಇಳಿಯುವಾಗಿನ 'ಬಿಡು' ಒಂದನ್ನುಳಿದು ನಾನೂ ಏನೂ ಹೇಳುತ್ತಿರಲಿಲ್ಲ. ಅದಕ್ಕೇ ಆ ಮಾತಿನಿಂದ ಇಷ್ಟು ವರ್ಷ ಏನೂ ಆಗಿರಲಿಲ್ಲ...

ಅಕ್ಟೋಬರ್ 12, ಭಾನುವಾರ

ಪ್ಲಾಸ್ಟರ್ ತೆಗೆದು ಮೂರು ದಿನ. ರಿಂಕ್‌ಗೆ ಹೋದೆ. ಮೋಹನ್ ಚಪ್ಪಲಿಯಲ್ಲೇ ಕಟ್ಟೆ ಮೇಲೆ ಕೂತಿದ್ದ.

"ನನ್ ಕೈಲಿ ಆಗಲ್ಲ ರಕ್ಷಾ. ಬೇರೆಯವ್ರನ್ನ ನೋಡ್ಕೋ."

"ಬೀಳಿಸಿದ್ದು ನಾನೇ ಕಣೋ, ನೀನಲ್ಲ."

"ಬಿದ್ದಿದ್ದೂ ನೀನೇ, ಬೀಳಿಸಿದ್ದೂ ನೀನೇ. ಮತ್ತೆ ನಾನ್ಯಾಕೆ ಬೇಕು?"

ನಗು ಬಂತು. ಮಾರ್ಚ್ ಆದ ಮೇಲೆ ಮೊದಲ ಸಲ.

"ಇನ್ಮೇಲೆ 'ಇಳಿಸು' ಅಂತೀನಿ. ನೀನು ಎಷ್ಟ್ ಬೇಕಾದ್ರೂ ಮಾತಾಡು. ನಾನೂ ಉತ್ತರ ಕೊಡ್ತೀನಿ."

ಮೋಹನ್ ಬ್ಯಾಗಿನಿಂದ ಸ್ಕೇಟ್ಸ್ ತೆಗೆದ.

ಅಕ್ಟೋಬರ್ 25

ಸರ್ ಎಂಟ್ರಿ ಕೊಟ್ಟರು. ಪೇರ್.

ನವೆಂಬರ್ 16, ಭಾನುವಾರ

ಸ್ಟೇಟ್ ಮೀಟ್‌ನಲ್ಲಿ ಮೂರನೇ ಸ್ಥಾನ. ಇದ್ದದ್ದೇ ಮೂರು ಜೋಡಿ ಎಂದು ಮೋಹನ್ ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಲಿಫ್ಟ್ ಮೂರು ಸುತ್ತೂ ಬಂತು. ಮೇಲಿದ್ದಾಗ, "ನಿಮ್ಮಮ್ಮ ಎದ್ದು ನಿಂತವ್ರೆ, ನೋಡು," ಎಂದ. "ಕಾಣ್ತಿದಾರೆ," ಎಂದೆ. ನಿಂತೇ ಇದ್ದರು.

ಮನೆಗೆ ಬಂದು ಅಮ್ಮ ನನ್ನ ಕಾಲಿಗೆ ಎಣ್ಣೆ ತಿಕ್ಕಿದರು. ತಿಕ್ಕುತ್ತಲೇ ಕೇಳಿದರು, "ಆಡೋವಾಗ ಗಿರಿ ನೆನಪಾದ್ನಾ?"

"ಹೂಂ," ಎಂದೆ.

ಇಲ್ಲ. ಮೂರು ನಿಮಿಷದಲ್ಲಿ ಒಂದು ಸಲವೂ ಇಲ್ಲ. ಅದನ್ನು ಅಮ್ಮನಿಗೆ ಹೇಗೆ —