ಮರಿ ಹಾರುವ ತನಕ

ರೀ,

ಕೂಲರ್ ಹಾಕಬೇಡಿ. ಸೆಕೆ ನನಗೂ ಆಗುತ್ತದೆ. ನೀವು ಲಕ್ನೋಗೆ ಟೂರ್ ಹೋಗಿದ್ದಾಗ ಕಿಟಕಿಯ ಕೂಲರ್ ಪಕ್ಕದ ಬಳ್ಳಿಯಲ್ಲಿ ಬುಲ್ಬುಲ್ ಮರಿ ಮಾಡಿದೆ. ಹೆಣ್ಣು, ಗಂಡು ಎರಡೂ ಹುಳ ತಂದು ತಿನ್ನಿಸುತ್ತವೆ. ಗಂಡೂ ತಿನ್ನಿಸುತ್ತದೆ ಎಂದು ಸುಮ್ಮನೆ ಬರೆದೆ.

ಬಳ್ಳಿ ಕತ್ತರಿಸಲು ಮಾಲಿ ಭಯ್ಯಾ ಬಂದರೆ ಈ ವಾರ ಬೇಡ ಎನ್ನಿ. ನಿಮ್ಮ ಹಿಂದಿ ಕೇಳಿದರೆ ಬುಡಕ್ಕೇ ಕತ್ತರಿ ಹಾಕಿಯಾನು, ಕೈಸನ್ನೆ ಮಾಡಿ.

ಚಿತ್ರಾನ್ನ ಮಾಡಿಟ್ಟಿದ್ದೇನೆ. ಸಿಂಧೂರಳ ತಟ್ಟೆಯನ್ನು ಮೇಜಿನ ಮೇಲಲ್ಲ, ಕಿಟಕಿಯ ಹತ್ತಿರ ಇಡಿ. ನಿಮ್ಮ ತಂಗಿ ತೀರಿಕೊಂಡು ಮಗು ನಮ್ಮಲ್ಲಿಗೆ ಬಂದಾಗಿನಿಂದ ಎರಡು ತುತ್ತಿಗಿಂತ ಹೆಚ್ಚು ತಿಂದಿರಲಿಲ್ಲ. ನಿನ್ನೆ ಮರಿಗಳನ್ನು ನೋಡುತ್ತ, ನಿಂತೇ ಒಂದು ಚಪಾತಿ ಮುಗಿಸಿದಳು. ನಾನು ಗಮನಿಸದವಳಂತೆ ಪಾತ್ರೆ ತೊಳೆಯುತ್ತಿದ್ದೆ. ನೀವೂ ಹಾಗೇ ಇರಿ. ಜಾಣೆ, ಗೀಣೆ ಎಂದು ಹೊಗಳಲು ಹೋಗಬೇಡಿ.

ಆಮೇಲೆ ತಾನಾಗಿಯೇ ಮಾತಾಡಿದಳು: "ಅತ್ತೆ, ಹಿಂದೆ ಇರೋ ಚಿಕ್ಕದಕ್ಕೆ ಏನೂ ಸಿಗ್ತಾನೇ ಇಲ್ಲ."

ಸಿಗುತ್ತದೆ, ನೋಡುತ್ತಿರು ಎಂದಿದ್ದೇನೆ. ಸಿಕ್ಕಿದ ಕೂಡಲೇ ನನ್ನ ಆಫೀಸಿಗೆ ಫೋನ್ ಮಾಡಿ, ಅವಳ ಕೈಗೆ ಕೊಡಿ. ಮೀಟಿಂಗ್ ಇದ್ದರೂ ಎದ್ದು ಬರುತ್ತೇನೆ.

ವಸಂತಿ